ಬ್ರೇಕು ತಡವಾಗಿ ಬೀಳುವ ಕಂಪ್ಯೂಟರು

ಹಳೆಯದಾದದ್ದನ್ನು ತೆಗೆದು ಬಿಸಾಡುವವರು ಒಂದು ಜಾತಿ, ಬಿಡಿಭಾಗ ಹಾಕಿ ಓಡಿಸುವವರು ಇನ್ನೊಂದು ಜಾತಿ. ನಾನು ಎರಡನೆಯದರಲ್ಲಿ ಹುಟ್ಟಿದವನು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮುಂದೆ ನಿಂತವನು ಇವತ್ತಿಗೂ ನಿಂತೇ ಇದ್ದೇನೆ. ವ್ಯತ್ಯಾಸವೆಂದರೆ ಈಗ ಲೇತೂ ನನ್ನದು, ಶೆಡ್ಡೂ ನನ್ನದು. ಇಷ್ಟು ಮರ್ಯಾದಸ್ಥನಾದ ನಾನು ಸಂಜೆ ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತೇನೆ ಎಂಬುದನ್ನು ನೆಂಟರಿಗೆ ಇನ್ನೂ ಹೇಳಿಲ್ಲ. ಲಾಕ್‌ಡೌನಿನಲ್ಲಿ ಶೆಡ್ಡು ಮುಚ್ಚಿದಾಗ ಮಗಳು ಭೂಮಿಕಾ ಹತ್ತಿಸಿದ ಚಟ ಅದು.

ಈಚೆಗೆ ಆ ಕಂಪ್ಯೂಟರಿಗೆ ವಯಸ್ಸಾಯಿತು. ತಿರುವಿನಲ್ಲಿ ಬ್ರೇಕಿನ ಕೀ ಒತ್ತಿದರೆ ಕಾರು ನಿಲ್ಲುವುದು ಗೋಡೆಗೆ ಗುದ್ದಿದ ಮೇಲೆ. ಸರಿ, ಏನಾದರೂ ಬದಲಿಸಬೇಕು, ಆದರೆ ಯಾವುದನ್ನು? ನಮ್ಮ ಕಸುಬಿನಲ್ಲಿ ಇದಕ್ಕೊಂದು ಕ್ರಮವಿದೆ. ಶಾಫ್ಟಿಗೆ ತೊಡಿಸಲು ಮಾಡಿದ ಬಳೆಯಂಥ ಬುಷ್ಷಿನ ಅಳತೆ ತಪ್ಪಿದರೆ ಮೊದಲು ಕತ್ತರಿಸುವ ಟೂಲನ್ನು ಅನುಮಾನಿಸಬೇಕು, ಆಮೇಲೆ ಲೋಹದ ತುಂಡನ್ನು ಕಚ್ಚಿ ಹಿಡಿದಿರುವ ಚಕ್ಕನ್ನು, ಆಮೇಲೆ ಬೇರಿಂಗನ್ನು, ಕೊನೆಗೆ ಬೆಲ್ಟನ್ನು. ಕೈಯನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ. ‘ನನ್ನ ಕೈ ತಪ್ಪಿತು’ ಎಂದು ಒಪ್ಪಿಕೊಂಡ, ಲೇತ್ ಓಡಿಸುವ ಟರ್ನರಿಗೆ ಎಸ್ಟೇಟಿನಲ್ಲಿ ಮತ್ತೆ ಕೆಲಸ ಕೊಡುವವರಿಲ್ಲ.

ವಿಜಯನಗರದ ಕಂಪ್ಯೂಟರ್ ಅಂಗಡಿಯವನು ಪೆಟ್ಟಿಗೆಯನ್ನು ನೋಡದೆಯೇ, “ಅಂಕಲ್, ಗ್ರಾಫಿಕ್ಸ್ ಕಾರ್ಡ್ ತುಂಬಾ ಹಳೇದು. ಕಣ್ಮುಚ್ಕೊಂಡು ಚೇಂಜ್ ಮಾಡ್ಸಿ” ಎಂದ. ಕಣ್ಣು ಮುಚ್ಚಿಕೊಂಡು ನಾನು ಮಾಡಿದ್ದು ಮದುವೆಯೊಂದೇ. ಮತ್ತೇನನ್ನೂ ಹಾಗೆ ಮಾಡಿದವನಲ್ಲ. ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವ ರುದ್ರಪ್ಪ ಗದಗಿನ ಕಡೆಯವನು. ಕಂಪ್ಯೂಟರನ್ನು ಮುಟ್ಟಿಯೇ ಇಲ್ಲ, ಆದ್ದರಿಂದ ಅವನ ಸಲಹೆಗೆ ಬರವಿಲ್ಲ. “ರ‍್ಯಾಮ್ ಹಾಕಸ್ರಿ ಅಣ್ಣಾರ. ವಯಸ್ಸಾದ ಮ್ಯಾಲೆ ನೆನಪು ಕಡಿಮಿ ಆಗೂದ ಐತಿ.”

ನಾನೋ ಕಿವಿಯನ್ನು ನಂಬುವವನು. ಪೆಟ್ಟಿಗೆಯೊಳಗಿನ ಫ್ಯಾನು ಗೊರಗೊರ ಅನ್ನುತ್ತಿತ್ತು. ಶೆಡ್ಡಿನಿಂದ ಎಣ್ಣೆ ಡಬ್ಬಿ ತಂದು ಧಾರಾಳವಾಗಿ ಬಿಟ್ಟೆ. ಫ್ಯಾನು ಅದನ್ನು ತಾನೊಬ್ಬನೇ ಕುಡಿಯದೆ ಗೋಡೆಗೆ, ಕಿಟಕಿ ಪರದೆಗೆ, ಹೆಂಡತಿ ಮಡಚಿಟ್ಟಿದ್ದ ಬಟ್ಟೆಗೆಲ್ಲ ಹಂಚಿತು. “ರೀ, ಶೆಡ್ಡನ್ನೇ ಮನೆಗೆ ತಂದ್ಬಿಡಿ, ಓಡಾಡೋದಾದ್ರೂ ತಪ್ಪುತ್ತೆ” ಎಂದಳು ಜಯಮ್ಮ. ಬ್ರೇಕು ಮಾತ್ರ ಮೊದಲಿನ ಹಾಗೆಯೇ.

ಗದ್ದಲ ಕೇಳಿ ಬಂದ ಭೂಮಿಕಾ, “ಏಳಪ್ಪ, ನಾನೊಂದ್ಸಲ ಓಡಿಸ್ತೀನಿ. ಎಲ್ಲಿ ಸಿಕ್ಕಾಕೊಳ್ತಿದೆ ನೋಡೋಣ” ಎಂದು ಕೂತಳು. ಅದೇ ಪೆಟ್ಟಿಗೆ, ಅದೇ ಕಾರು. ಗೋಡೆಗೆ ಕೂದಲೆಳೆಯಷ್ಟು ಜಾಗ ಬಿಟ್ಟು ತಿರುಗಿಸಿದಳು. ಮುಂದಿನ ತಿರುವಿನಲ್ಲೂ ಹಾಗೆಯೇ. ಎಲ್ಲರಿಗಿಂತ ಮೊದಲು ಮುಗಿಸಿದಳು. ಗೆದ್ದರೆ ಮನೆಯೆಲ್ಲ ಕುಣಿಯುವ ಹುಡುಗಿ, ಅವತ್ತು ಕುಣಿಯಲಿಲ್ಲ. ನನ್ನ ಬಲಗೈ ಎಳೆದುಕೊಂಡು ಕೀ ಮೇಲಿಟ್ಟು, “ಅಪ್ಪಾ, ತೋರುಬೆರಳು ಒತ್ತು” ಎಂದಳು. ಒತ್ತಿದೆ.

“ಒತ್ತಪ್ಪಾ.”

“ಒತ್ತಿದೀನಲ್ಲಮ್ಮ!”

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.

ಬಸವೇಶ್ವರನಗರದ ಡಾಕ್ಟರು ಬೆರಳಿಗೆ ಸೂಜಿ ಚುಚ್ಚಿದರು. ಚುಚ್ಚಿದ್ದು ನನಗೆ ಗೊತ್ತಾದದ್ದು ಜಯಮ್ಮ ಹೌಹಾರಿದಾಗ. ನರಗಳು ಕೆಟ್ಟಿವೆ, ಮತ್ತೆ ಮೊದಲಿನಂತಾಗುವುದಿಲ್ಲ, ಇನ್ನು ಲೇತ್ ಮುಂದೆ ನಿಂತರೆ ಬೆರಳೇ ಹೋಗುತ್ತದೆ ಎಂದರು. “ಯಾವ ಪಾರ್ಟ್ ಚೇಂಜ್ ಮಾಡ್ಬೇಕು ಸಾರ್?” ಎಂದು ಕೇಳಿದೆ. ತಮಾಷೆಗಲ್ಲ, ಅಭ್ಯಾಸಬಲ. “ಇದಕ್ಕೆ ಸ್ಪೇರ್ ಬರಲ್ಲ ಯಜಮಾನ್ರೇ” ಎಂದರು. ಅವರೂ ತಮಾಷೆ ಮಾಡುತ್ತಿರಲಿಲ್ಲ.

ಮಾರನೆಯ ದಿನ ಮನೆಯಲ್ಲಿ ಹೇಳದೆ ಶೆಡ್ಡಿಗೆ ಹೋಗಿ ಲೇತ್ ಸ್ಟಾರ್ಟ್ ಮಾಡಿದೆ. ಒಂದೇ ಒಂದು ಬುಷ್ ಮಾಡಿ ನಿಲ್ಲಿಸಿಬಿಡೋಣ ಎಂದುಕೊಂಡೆ. ಟೀ ಹಿಡಿದು ಬಂದ ರುದ್ರಪ್ಪ ಆ ಬುಷ್ಷನ್ನೆತ್ತಿ ಶಾಫ್ಟಿಗೆ ತೊಡಿಸಿದ. ಲಟಲಟ ಅಂದಿತು.

“ಏನ್ರೀ ಅಣ್ಣಾರ, ನೀವು ಮಾಡಿದ ಬುಷ್ ಹಿಂಗ ಅಳ್ಳಾಡತೈತಲ್ರೀ?”

“ಚಕ್ ಹೋಗಿದೆ ಕಣಯ್ಯ. ಹೊಸದು ಹಾಕಿಸ್ಬೇಕು.”

“ಮತ್ತ ಆ ಕಂಪ್ಯೂಟರ್?”

“ಅಂಗಡಿಯವನು ಹೇಳಿದ್ದೇ ಸರಿ. ಕಾರ್ಡ್ ಹೋಗಿತ್ತು.”

ರುದ್ರಪ್ಪ ನಂಬಿದ. ಅಷ್ಟೇ ಅಲ್ಲ, ಹೊಸ ಚಕ್ಕು, ಹೊಸ ಕಾರ್ಡು ಎರಡನ್ನೂ ಬಂದು ನೋಡುತ್ತೇನೆ ಎಂದ. ಹೀಗೆ ಯಾರ ಸಲಹೆಯಿಂದಲೂ ತೀರ್ಮಾನವಾಗದ ಪ್ರಶ್ನೆ ನನ್ನದೊಂದು ಸುಳ್ಳಿನಿಂದ ತೀರ್ಮಾನವಾಯಿತು. ಗಟ್ಟಿಯಾಗಿದ್ದ ಹಳೆಯ ಕಾರ್ಡನ್ನು ತೆಗೆಸಿ ಹೊಸದನ್ನು ಹಾಕಿಸಿದ್ದೇನೆ. ಕಾರು ಹೋಗಿ ಗುದ್ದುವ ಗೋಡೆಯ ಇಟ್ಟಿಗೆಗಳು ಈಗ ಒಂದೊಂದೂ ನಿಚ್ಚಳವಾಗಿ ಕಾಣುತ್ತವೆ. ಗಟ್ಟಿಯಾಗಿದ್ದ ಚಕ್ಕಿನ ಜಾಗಕ್ಕೆ ಹೊಸ ಚಕ್ಕೂ ಬಂದು ಶೆಡ್ಡಿನಲ್ಲಿ ಕೂತಿದೆ. ಹಳೆಯದರ ಬೋಲ್ಟ್ ಬಿಚ್ಚಲು ಹೋದೆ. ಸ್ಪ್ಯಾನರು ಕೈಯಲ್ಲಿ ನಿಲ್ಲದೆ ಠಣ್ ಎಂದು ನೆಲಕ್ಕೆ ಬಿತ್ತು. ಇನ್ನು ರುದ್ರಪ್ಪನನ್ನೇ ಕರೆಯಬೇಕು. ಏನೆಂದು ಹೇಳಿ ಕರೆಯುವುದು ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಸದ್ಯಕ್ಕೆ ಹೊಳೆದಿರುವುದು ಇಷ್ಟು: ಸ್ಪ್ಯಾನರು ಸವೆದಿದೆ.