ವಾಯಿದೆ ವಕೀಲನ ಮೊದಲ ಗೆಲುವು

ಬಸ್ಸಿನ ನೂಕುನುಗ್ಗಲಿನಲ್ಲಿ ಕರಿ ಕೋಟಿನ ನಡುವಿನ ಗುಂಡಿ ಕಿತ್ತುಹೋಗದೇ ಇದ್ದಿದ್ದರೆ ನಮ್ಮ ವಕೀಲ ಆ ಬೆಳಿಗ್ಗೆ ಭಾವನ ಟೈಲರ್ ಅಂಗಡಿಗೆ ಕಾಲಿಡುತ್ತಲೇ ಇರಲಿಲ್ಲ. ಎಷ್ಟೋ ವಾರಗಳಿಂದ ಅವನು ಆ ರಸ್ತೆಯನ್ನೇ ತಪ್ಪಿಸಿ ಸುತ್ತುಬಳಸಿ ಓಡಾಡುತ್ತಿದ್ದ. ಇವನ ಲಾ ಓದಿನ ಸಾಲಕ್ಕೆ ಜಾಮೀನು ಹಾಕಿದವನು ಅಕ್ಕನ ಗಂಡ. ಜಾಮೀನು ಹಾಕಿದವರ ಮುಖ ನೋಡುವುದು ಸಾಲ ಕೊಟ್ಟವರ ಮುಖ ನೋಡುವುದಕ್ಕಿಂತ ಕಷ್ಟ.

"ಏನಪ್ಪಾ, ದಾರಿ ತಪ್ಪಿ ಬಂದ್ಯಾ?" ಎಂದ ಭಾವ, ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ.

"ಗುಂಡಿ ಹೋಯ್ತು, ಭಾವ. ಬೇಗ ಹಾಕ್ಕೊಡಿ. ಕೋರ್ಟಿಗೆ ಹೊತ್ತಾಯ್ತು."

ಪಕ್ಕದ ಅಂಗಡಿಯ ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಒಳಗೆ ಇಣುಕಿದ. ಅವನ ಕುರ್ಚಿಯಲ್ಲಿ ಅರ್ಧ ತಲೆ ಮುಗಿದ ಗಿರಾಕಿ ಕಾಯುತ್ತಿದ್ದ. "ಲಾಯರ್ ಬಂದ್ರಾ? ನನ್ನ ಅಂಗಡಿ ಬಾಡಿಗೆ ವಿಷ್ಯ ಒಂಚೂರು ಹೇಳಪ್ಪ. ಓನರ್ ಬಿಡು ಅಂದ್ರೆ ಬಿಡ್ಲೇಬೇಕಾ?"

ವಕೀಲ ತನಗೆ ತಿಳಿದದ್ದನ್ನೆಲ್ಲ ಹೇಳಿದ. ಎದುರುಗಡೆಯ ಬೀಗ ರಿಪೇರಿಯವನೂ ಬಂದು ತನ್ನ ತಮ್ಮನ ಜಗಳ ಬಿಚ್ಚಿಟ್ಟ. ಅದಕ್ಕೂ ಹೇಳಿದ. ಕೊನೆಗೆ ಕ್ಷೌರಿಕ, "ಫೀಸು ಎಷ್ಟಾಯ್ತು?" ಎಂದು ಕೇಳಿ, ತಾನೇ ಗಹಗಹಿಸಿ ನಕ್ಕು, "ಮನೆ ಹುಡುಗನಿಗೆ ಎಂಥಾ ಫೀಸು!" ಎಂದು ಹೊರಟುಹೋದ. ವಕೀಲನೂ ನಕ್ಕ. ಕ್ಷೌರಕ್ಕೆ ಹೋದಾಗ ಇದೇ ಮನುಷ್ಯ ಮನೆ ಹುಡುಗನೆಂದು ಒಂದು ಕಾಸೂ ಬಿಟ್ಟವನಲ್ಲ.

ಕೋರ್ಟಿನಲ್ಲಿ ವಕೀಲನಿಗಿದ್ದ ಹೆಸರು 'ವಾಯಿದೆ'. ಸೀನಿಯರ್ ಇನ್ನೊಂದು ಹಾಲ್‌ನಲ್ಲಿದ್ದಾಗ ಎದ್ದು ನಿಂತು, "ಸೀನಿಯರ್ ಬೇರೆ ಕಡೆ ಇದ್ದಾರೆ ಸ್ವಾಮಿ, ವಾಯಿದೆ ಬೇಕು" ಎಂದು ಮುಂದಿನ ದಿನಾಂಕ ಕೇಳುವುದೇ ಅವನ ಕೆಲಸ. ತಲೆದಿಂಬಿನಷ್ಟು ದಪ್ಪದ ಪುಸ್ತಕಗಳನ್ನು ಐದು ವರ್ಷ ಉರು ಹೊಡೆದದ್ದು, ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ಕಪ್ ಗೆದ್ದದ್ದು, ಎಲ್ಲವೂ ಆ ಒಂದು ಸಾಲು ಹೇಳುವುದಕ್ಕೆ. ಕಪ್ಪಿನಲ್ಲಿ ಈಗ ಅಮ್ಮ ಚಮಚ ಇಡುತ್ತಾಳೆ. ಸೀನಿಯರ್ ಸಂಬಳ ಕೊಡುವುದಿಲ್ಲ, ಅನುಭವ ಕೊಡುತ್ತಾರೆ. ಬ್ಯಾಂಕಿನವರು ಮಾತ್ರ ಕಂತಿಗೆ ಅನುಭವವನ್ನು ಒಪ್ಪುವುದಿಲ್ಲ.

ಅಷ್ಟರಲ್ಲಿ ಕೋಟಿನ ಜೇಬಿನಲ್ಲಿದ್ದ ಫೋನು ಹೊಡೆದುಕೊಂಡಿತು. ಕೋಟು ಭಾವನ ತೊಡೆಯ ಮೇಲಿತ್ತು. ವಕೀಲ ಕೈ ಚಾಚುವಷ್ಟರಲ್ಲಿ ಭಾವ ಅದನ್ನು ಹೊರತೆಗೆದು ಒತ್ತಿಬಿಟ್ಟ. ಸ್ಪೀಕರ್ ಜೋರಾಗಿ ಮಾತಾಡಿತು.

"ನಾನು ಬ್ಯಾಂಕ್ ಮ್ಯಾನೇಜರ್. ಇವತ್ತು ಸಂಜೆಯೊಳಗೆ ಕಂತು ಬರ್ಲಿಲ್ಲ ಅಂದ್ರೆ ಕೇಸ್ ಹಾಕ್ಲೇಬೇಕಾಗುತ್ತೆ. ಜಾಮೀನುದಾರರ ಅಂಗಡಿ ಬಾಗಿಲಿಗೆ ನೋಟಿಸ್ ಅಂಟಿಸ್ತಾರೆ."

ಭಾವನ ಸೂಜಿ ಅಲ್ಲೇ ನಿಂತಿತು.

"ಸಾರ್, ಅಮ್ಮನ ಮಂಡಿ ಆಪರೇಷನ್ ಆಯ್ತು," ಎಂದ ವಕೀಲ ಬೆವರೊರೆಸಿಕೊಳ್ಳುತ್ತಾ. "ಸೀನಿಯರ್ ಚೆಕ್ ಬರೆದಿಟ್ಟಿದಾರೆ, ಸೈನ್ ಒಂದು ಬಾಕಿ. ಮೊನ್ನೆ ಕಟ್ಟೋಣ ಅಂತ ಕೂತೆ, ನಿಮ್ಮ ಸರ್ವರ್ರೇ ಡೌನ್ ಇತ್ತು."

"ಪಾಪ, ಮಂಡಿ ಆಪರೇಷನ್ನಾ? ನೋಡೋಣ, ನಾನೂ ಮನುಷ್ಯನೇ," ಎಂದು ಮ್ಯಾನೇಜರ್ ಮೃದುವಾಗಿ ಹೇಳಿ ಫೋನಿಟ್ಟ.

"ಅತ್ತೆ ನಿನ್ನೆ ಮೂರು ಮಹಡಿ ಹತ್ತಿ ನಮ್ಮನೆಗೆ ಬಂದಿದ್ರಲ್ಲೋ!" ಎಂದ ಭಾವ. ಆಮೇಲೆ ದನಿ ತಗ್ಗಿಸಿದ. "ನೋಡು, ನೀನು ನೆಪ ಹೇಳ್ಕೋ, ಏನಾದ್ರೂ ಹೇಳ್ಕೋ. ಬಾಗಿಲಿಗೆ ನೋಟಿಸ್ ಬಿದ್ರೆ ಗಿರಾಕಿಗಳು ಬಟ್ಟೆ ವಾಪಸ್ ತಗೊಂಡು ಹೋಗ್ತಾರೆ. ಇದೊಂದೇ ಕಣೋ ನಮಗೆ ಇರೋದು."

"ಅಂಥಾದ್ದೇನೂ ಆಗಲ್ಲ, ಭಾವ. ಇವತ್ತು ಹೇಗಾದ್ರೂ ಕಟ್ತೀನಿ," ಎಂದು ಮಾತು ಕೊಟ್ಟು ವಕೀಲ ಗುಂಡಿ ಹಾಕಿಸಿಕೊಳ್ಳದೆಯೇ ಕೋಟು ಸಿಕ್ಕಿಸಿಕೊಂಡು ಓಡಿದ. ಹೇಗಾದರೂ ಎಂದರೆ ಹೇಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಕೋರ್ಟಿನ ವರಾಂಡದಲ್ಲಿ ಸೀನಿಯರ್ ಸಿಕ್ಕರು. ದುಡ್ಡು ಕೇಳಬೇಕೆಂದು ಇವನು ಬಾಯಿ ತೆರೆಯುವ ಮೊದಲೇ ಒಂದು ಫೈಲು ಇವನ ಕೈಗೆ ತುರುಕಿದರು.

"ಬ್ಯಾಂಕಿನ ಕೇಸು. ಯಾರೋ ಓದಿನ ಸಾಲ ಕಟ್ಟಿಲ್ಲ. ನೀನೇ ವಾದ ಮಾಡು. ಮ್ಯಾನೇಜರ್ರು ಸ್ವತಃ ನಿನ್ನನ್ನೇ ಕೇಳಿದಾರೆ. ಫೀಸು ಪೂರ್ತಿ ನಿನಗೇ."

ಫೈಲಿನ ಮೇಲಿದ್ದದ್ದು ತನಗೆ ಸಾಲ ಕೊಟ್ಟ ಬ್ಯಾಂಕಿನ ಹೆಸರೇ. ವಕೀಲನಿಗೆ ಕಣ್ಣು ತುಂಬಿ ಬಂತು. ಬೆಳಿಗ್ಗೆ ಗದರಿಸಿದ ಮನುಷ್ಯನೇ ದಾರಿಯನ್ನೂ ತೋರಿಸಿದ್ದಾನೆ! ಬ್ಯಾಂಕಿನ ಫೀಸಿನಿಂದಲೇ ಬ್ಯಾಂಕಿನ ಕಂತು. ಲಾ ಓದಿದ್ದಕ್ಕೆ ಇಂದು ಮೊದಲ ಸಲ ಅವನಿಗೆ ಹೆಮ್ಮೆಯಾಯಿತು.

ಕೇಸು ಕೂಗಿದರು. ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದದ್ದೇ ತಡ, ವಕೀಲ ಎದ್ದು ನಿಂತು, "ವಾಯಿದೆ ಬೇಕು ಸ್ವಾಮಿ" ಎಂದುಬಿಟ್ಟ.

"ದುಡ್ಡು ಬರಬೇಕಾಗಿರೋದು ನಿಮ್ಮ ಕಕ್ಷಿದಾರರಿಗೆ ಅಲ್ವೇನ್ರೀ?" ಎಂದರು ನ್ಯಾಯಾಧೀಶರು ಕನ್ನಡಕ ಕೆಳಗಿಳಿಸಿ. ಹಾಲ್ ಇಡೀ ನಕ್ಕಿತು. ಹಿಂದಿನ ಬೆಂಚಿನಲ್ಲಿ ಊಟದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಬ್ಯಾಂಕ್ ಮ್ಯಾನೇಜರ್ ಮಾತ್ರ ನಗಲಿಲ್ಲ.

ಸಾಲಗಾರನೂ ವಕೀಲನೇ. ಅವನದೂ ಲಾ ಓದಿದ ಸಾಲವೇ, ತನ್ನ ಕೇಸನ್ನು ತಾನೇ ವಾದಿಸುತ್ತಿದ್ದ. ವಯಸ್ಸಿನಲ್ಲಿ ನಾಲ್ಕಾರು ವರ್ಷ ದೊಡ್ಡವನು, ಕೋಟಿನ ಮೊಣಕೈ ಸವೆದು ಬಿಳಿಚಿತ್ತು. ಬಳಲಿದ ದನಿಯಲ್ಲಿ ಶುರುಮಾಡಿದ. "ಸ್ವಾಮಿ, ನಮ್ಮ ತಾಯಿಗೆ ಬೆನ್ನಿನ ಆಪರೇಷನ್ ಆಯ್ತು. ಸೀನಿಯರ್ ಚೆಕ್ ಕೊಡೋದು ತಡ ಆಯ್ತು. ಕಟ್ಟೋಕೆ ಹೋದ ದಿನ ಬ್ಯಾಂಕಿನ ಸರ್ವರ್..."

ವಕೀಲ ಫೈಲು ಮುಚ್ಚಿ ಮೇಜಿನ ಮೇಲಿಟ್ಟ. ಇದಕ್ಕೆ ಯಾವ ಪುಸ್ತಕವೂ ಬೇಕಿರಲಿಲ್ಲ.

"ಸ್ವಾಮಿ, ಆಪರೇಷನ್ ಆಗಿದ್ರೆ ಆಸ್ಪತ್ರೆ ಬಿಲ್ಲೆಲ್ಲಿ? ಸಾಲಗಾರರ ಮನೇಲಿ ಯಾವಾಗಲೂ ತಾಯಂದಿರಿಗೇ ಯಾಕೆ ಆಪರೇಷನ್ ಆಗುತ್ತೆ? ಇವರಿಗೆ ಯಾಕೆ ಒಂದು ನೆಗಡಿನೂ ಬರಲ್ಲ? ಚೆಕ್ ಬರುತ್ತೆ ಅಂತಾರೆ. ಜೂನಿಯರಿಗೆ ಸೀನಿಯರ್ ಚೆಕ್ ಕೊಟ್ಟಿದ್ದನ್ನ ಈ ಹಾಲ್‌ನಲ್ಲಿ ಯಾರಾದ್ರೂ ಕಣ್ಣಾರೆ ನೋಡಿದೀರಾ?" ಹಿಂದಿದ್ದ ಜೂನಿಯರುಗಳು ಮೇಜು ಗುದ್ದಿದರು. "ಸರ್ವರ್ ಡೌನ್ ಅಂತೆ. ಕಟ್ಟೋ ಮನಸ್ಸಿದ್ರೆ ಬ್ಯಾಂಕಿಗೆ ಬಾಗಿಲಿಲ್ವಾ? ಇವೆಲ್ಲ ನೆಪ, ಸ್ವಾಮಿ. ಇಂಥಾ ನೆಪ ಹೇಳೋರಿಗೆ ಒಂದು ದಿನಾನೂ ಟೈಮ್ ಕೊಡಬಾರ್ದು!"

ಬರೆದುಕೊಳ್ಳುತ್ತಿದ್ದ ನ್ಯಾಯಾಧೀಶರು ತಲೆ ಎತ್ತಿ, "ಇಷ್ಟು ಅನುಭವದಿಂದ ಮಾತಾಡಿದೋರನ್ನ ನಾನು ನೋಡೇ ಇರ್ಲಿಲ್ಲ" ಎಂದರು. ಆದೇಶ ಬ್ಯಾಂಕಿನ ಪರವಾಗಿ ಬಂತು. ಸಾಲಗಾರ ಸದ್ದಿಲ್ಲದೆ ಕಾಗದಗಳನ್ನು ಕಟ್ಟಿಕೊಂಡ. ಅವನ ಕೋಟಿನಲ್ಲೂ ನಡುವಿನ ಗುಂಡಿ ಇರಲಿಲ್ಲ. ಅದನ್ನು ಕಂಡು ವಕೀಲ ಒಂದು ಗಳಿಗೆ ತನ್ನ ಕೋಟನ್ನು ನೋಡಿಕೊಂಡು ನೊಂದ. ಆದರೆ ಗೆದ್ದ ದಿನ ಅಂಥ ನೋವು ಬಹಳ ಹೊತ್ತು ಇರುವುದಿಲ್ಲ.

ವರಾಂಡದಲ್ಲಿ ಮ್ಯಾನೇಜರ್ ಕೈ ಕುಲುಕಿದ.

"ಅದ್ಭುತ! ನಿಮ್ಮ ಫೀಸು ಆಗಲೇ ಜಮಾ ಮಾಡಿಸಿದೀನಿ."

"ತುಂಬಾ ಉಪಕಾರ ಆಯ್ತು ಸಾರ್. ಯಾವ ಖಾತೆಗೆ?"

"ನಿಮ್ಮ ಸಾಲದ ಖಾತೆಗೇ. ತಡವಾಗಿದ್ದಕ್ಕೆ ಹಾಕಿದ ದಂಡ ಪೂರ್ತಿ ತೀರ್ತು ನೋಡಿ."

"ಮತ್ತೆ ಕಂತು?"

"ಅದು ಹಾಗೇ ಇದೆ." ಮ್ಯಾನೇಜರ್ ಊಟದ ಚೀಲವನ್ನು ಕೈ ಬದಲಾಯಿಸಿಕೊಂಡ. "ನಿಜ ಹೇಳ್ತೀನಿ, ಬೆಳಿಗ್ಗೆ ನಿಮ್ಮ ತಾಯಿ ಮಂಡಿ ಅಂದ್ರಲ್ಲ, ನಾನು ಕರಗಿಹೋಗಿದ್ದೆ. ನಿಮಗೆ ಟೈಮ್ ಕೊಡೋಣ ಅಂತಲೇ ಇದ್ದೆ. ಈಗ ನೀವೇ ಕಣ್ಣು ತೆರೆಸಿದ್ರಿ. ಒಂದು ದಿನಾನೂ ಕೊಡಬಾರ್ದು ಅಂದ್ರಿ. ನಾಳೆನೇ ನಿಮ್ಮ ಮೇಲೆ ಕೇಸ್ ಹಾಕ್ತಿದೀವಿ."

"ನನ್ನ ಮೇಲೆ... ಯಾರು ಸಾರ್ ವಾದ ಮಾಡೋರು?"

ಮ್ಯಾನೇಜರ್ ಪಕ್ಕಕ್ಕೆ ಸರಿದ. ಹಿಂದೆ, ಈಗಷ್ಟೇ ಸೋತವನು ಸವೆದ ಮೊಣಕೈಯಡಿಯಲ್ಲಿ ಹೊಸದೊಂದು ಫೈಲು ಅವುಚಿಕೊಂಡು ನಿಂತಿದ್ದ.

"ಇವರು. ಫೀಸು ಇವರ ಸಾಲಕ್ಕೆ ಜಮಾ. ಹೋದ ತಿಂಗಳೂ ಒಬ್ಬರ ಮೇಲೆ ಗೆಲ್ಲಿಸಿಕೊಟ್ರು. ನಿಮ್ಮಂಥೋರ ನೆಪಗಳೆಲ್ಲ ಇವರಿಗೆ ಬಾಯಿಪಾಠ," ಎಂದು ಹೇಳಿ ಮ್ಯಾನೇಜರ್ ಊಟಕ್ಕೆ ನಡೆದ.

"ಬೇಜಾರು ಮಾಡ್ಕೋಬೇಡಿ," ಎಂದ ಸೋತವನು. ಅವನಿಗೆ ಸಿಟ್ಟು ಮಾಡುವಷ್ಟು ತ್ರಾಣವೂ ಇದ್ದಂತೆ ಕಾಣಲಿಲ್ಲ. "ಹೋದ ತಿಂಗಳು ನಾನು ಸೋಲಿಸಿದೋನು ಈಗ ಬೇರೆ ಬ್ರಾಂಚಿನ ಪರವಾಗಿ ಚೆನ್ನಾಗಿ ಗೆಲ್ತಿದಾನೆ. ಮಂಡಿ ನೆಪ ಮಾತ್ರ ಹೇಳ್ಬೇಡಿ. ಅದಕ್ಕೆ ಉತ್ತರ ರೆಡಿ ಇದೆ."

ಸಂಜೆ ಭಾವನ ರಸ್ತೆ ತಪ್ಪಿಸಬೇಕೆಂದು ವಕೀಲ ಎಷ್ಟು ಸುತ್ತಿದರೂ ಕ್ಷೌರಿಕನ ಕಣ್ಣಿಗೆ ಬಿದ್ದೇಬಿಟ್ಟ. ಗೆದ್ದ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು. "ನಮ್ಮ ಹುಡುಗ ಬ್ಯಾಂಕಿಗೇ ವಕೀಲ ಆದ!" ಎಂದು ಕೂಗುತ್ತಾ ಅವನನ್ನು ಭಾವನ ಅಂಗಡಿಗೆ ಎಳೆದುಕೊಂಡು ಹೋದ. ಬೀಗದವನು ಬೀದಿಗೆಲ್ಲ ಟೀ ಹೇಳಿದ, ವಕೀಲನ ಲೆಕ್ಕದಲ್ಲಿ. ಭಾವ ಹೊಲಿಗೆ ನಿಲ್ಲಿಸಿ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಭಾವನ ಕಣ್ಣು ಒದ್ದೆಯಾಗಿತ್ತು.

"ಸೈನ್ ಹಾಕಿದ್ದು ಸಾರ್ಥಕ ಆಯ್ತು ಕಣೋ. ಹಾಗಾದ್ರೆ ಇನ್ನು ನನ್ನ ಬಾಗಿಲಿಗೆ ನೋಟಿಸ್ ಬರಲ್ಲ ತಾನೆ?"

ಎಲ್ಲರೂ ಟೀ ಲೋಟ ಹಿಡಿದು ಇವನ ಬಾಯನ್ನೇ ನೋಡುತ್ತಿದ್ದರು. ವಕೀಲ ಎದ್ದು ನಿಂತ. ಕೋಟು ಸರಿಮಾಡಿಕೊಂಡು, ತನಗೆ ಚೆನ್ನಾಗಿ ಬರುತ್ತಿದ್ದ ಒಂದೇ ವಾದವನ್ನು ಮಂಡಿಸಿದ.

"ಅದನ್ನ ಹೇಳೋಕೆ ಸ್ವಲ್ಪ ವಾಯಿದೆ ಬೇಕು, ಭಾವ."