‘ಇಲ್ಲ’ ಎಂದು ಬರೆದ ಮನೆ

ತೆಂಕಪಾಡಿ ಗ್ರಾಮದ ಸರ್ವೆ ನಂಬರ್ ೧೧೭ರ ಹದಿನೈದು ಸೆಂಟ್ಸ್ ಜಾಗದಲ್ಲಿ ೨೦೦೨ನೇ ಇಸವಿಯ ಆಗಸ್ಟ್ ತಿಂಗಳಿಂದ ಒಂದು ಮನೆ ಉಂಟು. ಮೊದಲ ಹತ್ತು ತಿಂಗಳು ಅದು ಯಾರ ಕಣ್ಣಿಗೂ ಕಾಣಲಿಲ್ಲ ಎಂಬುದು ನಿಜ. ಆದರೆ ಕಾಣದ್ದಕ್ಕೆಲ್ಲ ಪಂಚಾಯತಿ ಹೊಣೆಯಾಗಲು ಬರುವುದಿಲ್ಲ. ನಾನು ಈ ಪಂಚಾಯತಿಯ ಕಾರ್ಯದರ್ಶಿ, ಇಪ್ಪತ್ತೆರಡು ವರ್ಷ ಸರ್ವಿಸು. ನಮ್ಮ ಕಚೇರಿಯಲ್ಲಿ ಏನೋ ಎಡವಟ್ಟಾಗಿದೆ ಎಂದು ಕಾಪು ಪೇಟೆಯಲ್ಲಿ ಚಹಾ ಕುಡಿಯುತ್ತ ಹಲ್ಲು ಕಿಸಿಯುವವರಿದ್ದಾರೆ. ಕೆಲಸವಿಲ್ಲದವರು. ಅವರ ಬಾಯಿ ಮುಚ್ಚಿಸಲು ನಡೆದದ್ದನ್ನು ನಡೆದ ಹಾಗೇ ಹೇಳಿಬಿಡುತ್ತೇನೆ.

ಜಾಗ ಕೊಂಡವರು ಆಲ್ಫೋನ್ಸ್ ಎಂಬವರು. ಕುವೈತಿನಲ್ಲಿ ಹತ್ತೊಂಬತ್ತು ವರ್ಷ ಕ್ರೇನ್ ಓಡಿಸಿ ಬಂದವರು, ಕಲ್ಯಾಣಪುರದಲ್ಲಿ ಬಾಡಿಗೆ ಮನೆಯಲ್ಲಿದ್ದರು. ಜಾಗದಲ್ಲಿ ಇದ್ದದ್ದು ಹನ್ನೊಂದು ಮಲ್ಲಿಗೆ ಗಿಡ, ಒಂದು ಬಾವಿ. ಮಗಳು ಲವೀನಾಳ ಮದುವೆ ಮುಂದಿನ ಮೇ ತಿಂಗಳಿಗೆ ನಿಶ್ಚಯವಾಗಿತ್ತು. ಅವರಲ್ಲಿ ಮದುವೆಯ ಹಿಂದಿನ ದಿನ ರೋಸ್ ಎಂಬ ಶಾಸ್ತ್ರ ಉಂಟು. ಮದುಮಗಳನ್ನು ಅವಳ ಮನೆಯಲ್ಲೇ ಕೂರಿಸಿ ನೆಂಟರೆಲ್ಲ ತೆಂಗಿನ ಹಾಲು ಹಚ್ಚುತ್ತಾರೆ. ಆಲ್ಫೋನ್ಸರ ಹೆಂಡತಿ ಪ್ಯಾಟ್ರಿಶಿಯಾ ಬಾಯಿ ಮೊದಲ ದಿನವೇ ನನ್ನ ಮೇಜಿನ ಮುಂದೆ ನಿಂತು, “ನನ್ನ ರೋಸ್ ಬಾಡಿಗೆ ಮನೆಯಲ್ಲಿ ಆಯಿತು ಸಾರ್. ನೆಲಕ್ಕೆ ಹಾಲು ಚೆಲ್ಲಬೇಡಿ ಎಂದು ಓನರ್ ಎಲ್ಲರೆದುರು ಗದರಿಸಿದ. ಮಗಳದ್ದು ಸ್ವಂತ ಮನೆಯಲ್ಲೇ ಆಗಬೇಕು,” ಎಂದರು. ಹೇಳುವಾಗ ಕಣ್ಣಲ್ಲಿ ನೀರು ಬಂತು. ನನಗೂ ಪಾಪ ಅನಿಸಿತು. ಆದರೆ ಪಾಪ ಅನಿಸಿದ್ದನ್ನು ನಮೂದಿಸಲು ಅರ್ಜಿಯಲ್ಲಿ ಕಾಲಂ ಇಲ್ಲ.

ಮನೆ ಕಟ್ಟುವ ಅರ್ಜಿ ಬಂದ ಮೇಲೆ ಸ್ಥಳ ತನಿಖೆ ಆಗಬೇಕು. ಗ್ರಾಮ ಕರಣಿಕ ಮಲಕಪ್ಪ ಬಾದಾಮಿ ಕಡೆಯವರು, ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು. ಅವರು ಹೋಗಿ ನೋಡಿ, ‘ಹಾಲಿ ಇರುವ ಕಟ್ಟಡ’ ಎಂಬಲ್ಲಿ ‘ಇಲ್ಲ’ ಎಂದು ಬರೆದರು. ವರದಿ ಗುಮಾಸ್ತೆ ಮೋಹಿನಿಯ ಕೈಗೆ ಹೋಯಿತು. ಕಚೇರಿಗೆ ಹೊಸತಾಗಿ ಬಂದ ಕಂಪ್ಯೂಟರನ್ನು ಮುಟ್ಟುವ ಅಧಿಕಾರ ಅವಳೊಬ್ಬಳಿಗೇ ಇತ್ತು. ಅದೇ ವಾರ ಮೇಲಿನಿಂದ ಒಂದು ಸುತ್ತೋಲೆಯೂ ಬಂದಿತ್ತು:

“ಕಂಪ್ಯೂಟರಿಗೆ ಊಡಿಸುವ ಮಾಹಿತಿಯು ಶುದ್ಧ ಕನ್ನಡದಲ್ಲಿರತಕ್ಕದ್ದು. ಅನ್ಯ ಭಾಷೆಯ ಪದಗಳು ಕಂಡುಬಂದಲ್ಲಿ ಕೂಡಲೇ ಕನ್ನಡೀಕರಿಸತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ.”

ಮೋಹಿನಿಯ ಮನೆಮಾತು ತುಳು. ತುಳುವಿನಲ್ಲಿ ಮನೆಗೆ ‘ಇಲ್ಲ್’ ಎನ್ನುತ್ತಾರೆ. ಹಿಂದಿನ ಕರಣಿಕರು ಬರೀ ಜಾಗಕ್ಕೆ ‘ಖಾಲಿ’ ಎಂದು ಬರೆಯುತ್ತಿದ್ದರು. ಆ ಕಾಲಂನಲ್ಲಿ ‘ಇಲ್ಲ’ ಎಂದು ಬರೆದವರಲ್ಲಿ ಮಲಕಪ್ಪನವರೇ ಮೊದಲಿಗರು. ಘಟ್ಟದ ಮೇಲಿನವರು ಪಾಪ, ಎರಡೇ ತಿಂಗಳಲ್ಲಿ ತುಳು ಕಲಿತಿದ್ದಾರೆ, ಕೊನೆಯ ಅಕ್ಷರ ಸ್ವಲ್ಪ ಉದ್ದವಾಗಿದೆ ಅಷ್ಟೆ ಎಂದು ಅವಳು ಮನಸ್ಸಿನಲ್ಲೇ ಮೆಚ್ಚಿಕೊಂಡಳು. ಸುತ್ತೋಲೆಯ ಪ್ರಕಾರ ಅದನ್ನು ‘ಮನೆ’ ಎಂದು ಕನ್ನಡೀಕರಿಸಿದಳು.

ಹೀಗೆ ಮನೆ ಆಯಿತು. ಕಲ್ಲು ಬೇಡ, ಹೊಯ್ಗೆ ಬೇಡ, ಮೇಸ್ತ್ರಿಯ ಕಿರಿಕಿರಿ ಬೇಡ.

ಲೈಸೆನ್ಸಿಗೆಂದು ಆಲ್ಫೋನ್ಸರು ಬಂದಾಗ ನಾನು ವಿಷಯ ತಿಳಿಸಿದೆ. “ನಿಮ್ಮ ಅರ್ಜಿ ತಿರಸ್ಕೃತವಾಗಿದೆ. ಇಪ್ಪತ್ತು ಸೆಂಟ್ಸಿಗಿಂತ ಕಡಿಮೆ ಜಾಗದಲ್ಲಿ ಎರಡನೇ ಮನೆಗೆ ಅವಕಾಶವಿಲ್ಲ.”

“ಒಂದನೇದು ಎಲ್ಲುಂಟು ಮಾರಾಯ್ರೆ?”

“ಅದೇ ಜಾಗದಲ್ಲಿ. ಡೋರ್ ನಂಬರ್ ೨-೬೧.”

“ಎಂತ ಹೇಳ್ತೀರಿ ಸಾರ್! ಅಲ್ಲಿ ಬರೀ ಮಲ್ಲಿಗೆ ಗಿಡ ಇರುವುದು!”

“ಮನೆ ಎಂದ ಮೇಲೆ ಅಂಗಳದಲ್ಲಿ ನಾಲ್ಕು ಗಿಡ ಇರುವುದೇ. ಅದಕ್ಕೆ ನಮ್ಮ ಆಕ್ಷೇಪವಿಲ್ಲ.”

ಅವರು ಕೂಗಾಡಿದರು. ಕುವೈತಿನಲ್ಲಿ ಹೀಗಿಲ್ಲವಂತೆ. ನಾನು ಸಮಾಧಾನದಿಂದ ಮಲಕಪ್ಪ ಮತ್ತು ಮೋಹಿನಿ ಇಬ್ಬರನ್ನೂ ಕರೆಸಿ ವಿಚಾರಣೆ ನಡೆಸಿದೆ.

“ನಾ ‘ಇಲ್ಲ’ ಅಂತನ ಬರದೀನ್ರಿ ಸಾಹೇಬ್ರ,” ಎಂದರು ಮಲಕಪ್ಪ.

“ಹೌದು ಸಾರ್, ‘ಇಲ್ಲ್’ ಅಂತಲೇ ಬರೆದಿದ್ದಾರೆ,” ಎಂದಳು ಮೋಹಿನಿ.

“ನೋಡ್ರಿ, ಅವರೂ ಅದನ್ನ ಹೇಳಾಕತ್ತಾರ.”

ಇಬ್ಬರು ಸರಕಾರಿ ನೌಕರರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ನನ್ನ ಸರ್ವಿಸಿನಲ್ಲಿ ಅದೇ ಮೊದಲು. ವಿಚಾರಣೆ ಮುಕ್ತಾಯ ಎಂದು ಬರೆದು ಸಹಿ ಹಾಕಿದೆ. ಒಂದು ಪದ ತಿದ್ದಿದರೆ ಆಗುವುದಿಲ್ಲವೇ ಎಂದು ಆಲ್ಫೋನ್ಸರು ಕೇಳಿದರು. ಎಂತಹ ಮಾತು! ಕಂಪ್ಯೂಟರ್ ಬಂದದ್ದೇ ತಪ್ಪುಗಳು ಆಗದಿರಲಿ ಎಂದು. ಆಗದ ತಪ್ಪನ್ನು ತಿದ್ದುವುದು ಹೇಗೆ? ಆದರೂ ಒಂದು ದಾರಿ ಉಂಟೆಂದು ನಾನೇ ಹೇಳಿಕೊಟ್ಟೆ: ಹಾಲಿ ಮನೆಯನ್ನು ಕೆಡವಲು ಪರವಾನಿಗೆ ಪಡೆಯುವುದು.

ಅದಕ್ಕೆ ಮನೆಯ ಫೋಟೊ, ತೆರಿಗೆ ರಶೀದಿ, ನೆರೆಯವರ ಮಹಜರು ಬೇಕು. ಅವರು ತೆರಿಗೆ ಕಟ್ಟಿದರು. ಫೋಟೊ ತಂದರು, ಮನೆ ಸ್ಪಷ್ಟವಾಗಿ ಮೂಡಿಬಂದಿಲ್ಲವೆಂದು ಎರಡು ಸಲ ವಾಪಸು ಮಾಡಿ ಮೂರನೇ ಸಲ ಒಪ್ಪಿಕೊಂಡೆ. ಆ ದಿನ ಅವರು ಮೇಜಿನ ಮೇಲೆ ಒಂದು ಕುವೈತಿನ ಟಾರ್ಚ್ ಮರೆತು ಹೋದರು. ಮರೆತ ವಸ್ತುವನ್ನು ವಾಪಸು ಪಡೆಯಲು ಈವರೆಗೂ ಅರ್ಜಿ ಬಂದಿಲ್ಲ.

ಮಹಜರಿಗೆ ನಾನೇ ಸ್ಥಳಕ್ಕೆ ಹೋದೆ. “ಮನೆಯು ಮೂಡು ದಿಕ್ಕಿಗೆ ಮುಖ ಮಾಡಿದ್ದು, ಗಾಳಿ ಬೆಳಕು ಧಾರಾಳವಾಗಿದೆ. ಸದ್ಯ ಯಾರೂ ವಾಸವಿರುವುದಿಲ್ಲ,” ಎಂದು ಬರೆಸಿದೆ. ಇದರಲ್ಲಿ ಒಂದಾದರೂ ಸುಳ್ಳಿದ್ದರೆ ತೋರಿಸಲಿ. ಪಕ್ಕದ ಮನೆಯ ಗ್ಲ್ಯಾಡಿಸ್ ಬಾಯಿ ಸಾಕ್ಷಿ ಸಹಿ ಹಾಕಿ, ಹಾಕಿದ ಮೇಲೆ, “ಇವರ ಮಾಡಿನ ನೀರು ನಮ್ಮ ಹಿತ್ತಿಲಿಗೆ ಬೀಳ್ತದೆ, ಅದನ್ನೂ ಬರೀರಿ,” ಎಂದರು. ಛಾವಣಿಯ ನೀರನ್ನೂ ಬರೆದೆ.

ಫೆಬ್ರವರಿಯಲ್ಲಿ ಕೆಡವುವ ಆದೇಶ ಬಂತು. ಆಲ್ಫೋನ್ಸರು ಒಂದು ಬೆಳಿಗ್ಗೆ ಜಾಗಕ್ಕೆ ಹೋಗಿ ಕೆಡವಿ, ಹತ್ತೂವರೆಗೆ ಮುಗಿಯಿತೆಂದು ಲಿಖಿತ ಹೇಳಿಕೆ ಕೊಟ್ಟರು. ಪುನಃ ಮಲಕಪ್ಪ ತನಿಖೆಗೆ ಹೋದರು. ಹಿಂದಿನ ಸಲ ಒಂದೇ ಪದ ಬರೆದು ಗಲಾಟೆಯಾಯಿತೆಂದು ಈ ಸಲ ಬಿಡಿಸಿ, ‘ಮನೆ ಇಲ್ಲ’ ಎಂದು ಎರಡು ಪದ ಬರೆದರು.

ಮೋಹಿನಿ ಕನ್ನಡದ ಪದವನ್ನು ಹಾಗೇ ಉಳಿಸಿ, ಇನ್ನೊಂದನ್ನು ಕನ್ನಡೀಕರಿಸಿದಳು. ‘ಮನೆ, ಮನೆ’ ಎಂದಾಯಿತು. ಕಂಪ್ಯೂಟರ್ ತಾನಾಗಿಯೇ ಡೋರ್ ನಂಬರ್ ೨-೬೧(ಎ) ಕೊಟ್ಟಿತು. ಅನಧಿಕೃತವಾಗಿ ಎರಡನೇ ಮನೆ ಕಟ್ಟಿದ್ದಕ್ಕೆ ಆಲ್ಫೋನ್ಸರಿಗೆ ನೋಟಿಸು ಹೋಯಿತು.

ಗಂಡ ಹೆಂಡತಿ ಇಬ್ಬರೂ ಬಂದರು. ಆಲ್ಫೋನ್ಸರು ಬೆಂಚಿನ ಮೇಲೆ ಕುಸಿದು ಕೂತರು. ಕೂಗಾಡಲಿಲ್ಲ. “ಮದುವೆಗೆ ಐದು ವಾರ ಉಂಟು. ಹತ್ತೊಂಬತ್ತು ವರ್ಷ ಬಿಸಿಲಲ್ಲಿ ಬೆಂದೆ ಸಾರ್, ಮಗಳಿಗೆ ಒಂದು ಚಾವಡಿ ತೋರಿಸಲಿಕ್ಕೆ ಆಗಲಿಲ್ಲ,” ಎಂದರು.

ಪ್ಯಾಟ್ರಿಶಿಯಾ ಬಾಯಿ ಮಾತ್ರ ನೋಟಿಸನ್ನು ಎರಡೆರಡು ಸಲ ಓದಿದರು. “ಸಾರ್, ನೇರ ಹೇಳಿ. ನಮಗೆ ಸ್ವಂತ ಮನೆ ಉಂಟಾ, ಇಲ್ವಾ?”

“ಎರಡು ಉಂಟು ಬಾಯಮ್ಮ.”

“ಹಾಗಾದರೆ ರೋಸ್ ಅಲ್ಲೇ,” ಎಂದು ಗಂಡನನ್ನು ಎಬ್ಬಿಸಿಕೊಂಡು ಹೋದರು.

ಆಮಂತ್ರಣ ಪತ್ರಿಕೆಯಲ್ಲಿ ‘ಸ್ವಗೃಹ, ಡೋರ್ ನಂಬರ್ ೨-೬೧’ ಎಂದು ಅಚ್ಚಾಗಿತ್ತು. ಪರಿಶೀಲಿಸಿದೆ, ಯಾವ ದೋಷವೂ ಇರಲಿಲ್ಲ. ರೋಸ್ ದಿನ ಚಪ್ಪರ ಹಾಕಿರಲಿಲ್ಲ. ಮನೆಯೊಳಗೆ ಯಾರು ಚಪ್ಪರ ಹಾಕುತ್ತಾರೆ? ನೂರೈವತ್ತು ಜನ ಮೂಡು ಬದಿಯಿಂದ ಒಬ್ಬೊಬ್ಬರಾಗಿ ಒಳಗೆ ಬಂದರು. ಅಡ್ಡದಿಂದ ನುಗ್ಗಿದ ಒಬ್ಬನನ್ನು, “ಅದು ಗೋಡೆ ಮಾರಾಯ,” ಎಂದು ಹಿರಿಯರು ವಾಪಸು ಕಳಿಸಿದರು. ನಾನು, ಮಲಕಪ್ಪ, ಮೋಹಿನಿ ಚಪ್ಪಲಿ ಹೊರಗೆ ಬಿಟ್ಟು ಕುರ್ಚಿಯಲ್ಲಿ ಕೂತೆವು. ಹೆಂಗಸರು ಹಾಡು ಹೇಳಿ ಲವೀನಾಳ ತಲೆಗೆ ತೆಂಗಿನ ಹಾಲು ಸುರಿಯತೊಡಗಿದ್ದೇ ತಡ, ಆಕಾಶ ಹರಿದ ಹಾಗೆ ಮಳೆ ಹೊಡೆಯಿತು. ಯಾರೂ ಏಳಲಿಲ್ಲ. ಮನೆಯೊಳಗೆ ಕೂತವರು ಮಳೆಗೆ ಹೆದರಿ ಎಲ್ಲಿಗೆ ಓಡುವುದು? ಹಾಲು ಯಾವುದು ನೀರು ಯಾವುದು ತಿಳಿಯದ ಹಾಗೆ ತೊಯ್ದು ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು. ತಾಯಿ ಅಳುತ್ತ ನಗುತ್ತ, “ಸುರೀರಿ, ಎಷ್ಟು ಬೇಕಾದರೂ ಚೆಲ್ಲಿ, ನಮ್ಮದೇ ಮನೆ!” ಎಂದು ಕೂಗುತ್ತಿದ್ದರು.

ಆಲ್ಫೋನ್ಸರು ನೀರು ಸೋರುವ ಕೋಟಿನಲ್ಲಿ ನನ್ನ ಹತ್ತಿರ ಬಂದು ಮೇಲೆ ನೋಡಿದರು. “ಮಾಡು ಸೋರ್ತದೆ ಸಾರ್, ಅಲ್ವಾ?”

ನಾನೂ ಕನ್ನಡಕ ಒರೆಸಿ ಮೇಲೆ ನೋಡಿದೆ. “ಸೋರುವುದು ಹೌದು.”

“ರಿಪೇರಿಗೆ ಲೈಸೆನ್ಸ್ ಬೇಕಾ?”

“ಹಾಲಿ ಇರುವ ಮನೆಯ ದುರಸ್ತಿಗೆ ಯಾವ ಲೈಸೆನ್ಸೂ ಬೇಡ,” ಎಂದೆ. ನಿಯಮ ಹಾಗೆಯೇ ಉಂಟು.

ಮದುವೆ ಮುಗಿದ ಮೂರನೇ ದಿನ ಕೆಂಪು ಕಲ್ಲಿನ ಲಾರಿ ಬಂತು. ಮಾಡು ರಿಪೇರಿ ಮಾಡಲು ಹೋದರೆ ಗೋಡೆ ಸರಿಯಿರಲಿಲ್ಲ. ಗೋಡೆ ರಿಪೇರಿಗೆ ಹೊರಟರೆ ಅಡಿಪಾಯವೇ ಸಾಲದು. ಹಾಗಾಗಿ ಅಡಿಯಿಂದಲೇ ದುರಸ್ತಿ ಮಾಡಿಕೊಂಡು ಬಂದರು. ೨-೬೧(ಎ) ಮನೆಯ ದುರಸ್ತಿಗೆ ಜಾಗ ಸಾಲದೆ, ಅದನ್ನು ಮೊದಲನೆಯದರ ಮೇಲೆ ಇಟ್ಟು ರಿಪೇರಿ ಮಾಡಿದ್ದಾರೆ. ಕ್ರಿಸ್ಮಸ್ಸಿಗೆ ಕೆಲಸ ಮುಗಿಯಿತು.

ಮೊನ್ನೆ ಲವೀನಾಳ ಮಾವನ ಕಡೆಯವರು ಕಾರ್ಕಳದಿಂದ ಬಂದಿದ್ದರು. ಮನೆ ಹೊಸತಾ ಎಂದು ಕೇಳಿದರು. ನಾನೂ ಅಲ್ಲೇ ಕೂತು ಬಿಸ್ಕೂತು ತಿನ್ನುತ್ತಿದ್ದೆ. ಆಲ್ಫೋನ್ಸರು ಗೋಡೆಗೆ ಕೈ ತಟ್ಟಿ, “ಇಲ್ಲ ಮಾರಾಯ್ರೆ, ನಾವು ಜಾಗ ತೆಗೊಳ್ಳುವಾಗಲೇ ಇತ್ತು. ಸ್ವಲ್ಪ ರಿಪೇರಿ ಮಾಡಿಸಿದೆವು ಅಷ್ಟೆ,” ಎಂದರು.