ಮೆಕ್ಸಿಕೋದ ಕ್ರಾಂತಿ ಮತ್ತು ನಮ್ಮ ಸಂಘದ ಪರದೆ

ಓದಿದ್ದನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳಲಾಗದ ಕಾಯಿಲೆಯೊಂದು ಕೆಲವರಿಗಿರುತ್ತದೆ. ನನಗೂ ಇದೆ. ಸಕ್ಕರೆ ಕಾಯಿಲೆಯ ಬಗ್ಗೆ ಎರಡು ಪುಟ ಓದಿದರೆ ಸಾಕು, ಎದುರು ಸಿಕ್ಕವರ ಕೈಯಿಂದ ಲಾಡು ಕಿತ್ತುಕೊಳ್ಳುತ್ತೇನೆ. ನಕ್ಷತ್ರಗಳ ಬಗ್ಗೆ ಓದಿದ ದಿನ ಮನೆಯವರನ್ನೆಲ್ಲ ಟೆರೇಸಿಗೆ ಎಳೆದೊಯ್ದು, ಕುವೈತಿನ ಧೂಳು ಮುಸುಕಿದ ಆಕಾಶದಲ್ಲಿ ಕಾಣದ ನಕ್ಷತ್ರಗಳನ್ನೆಲ್ಲ ತೋರಿಸಿದ್ದೇನೆ. ನನ್ನ ಹೆಂಡತಿ ಶಶಿಕಲಾ ಆಸ್ಪತ್ರೆಯಲ್ಲಿ ನರ್ಸ್. "ನಿಮ್ಮದು ಅಂಟುರೋಗ ಅಲ್ಲ, ಅದೊಂದು ಪುಣ್ಯ" ಎನ್ನುತ್ತಿದ್ದಳು. ಅವಳ ಈ ರೋಗನಿರ್ಣಯ ತಪ್ಪೆಂದು ಗೊತ್ತಾದದ್ದು ನಮ್ಮ ಮನೆಗೆ ಮೆಕ್ಸಿಕೋ ಬಂದ ಮೇಲೆ.

ಬಂದದ್ದು ಹೀಗೆ. ಗಲ್ಫಿನಲ್ಲಿ ಯಾರಾದರೂ ಕೆಲಸ ಬಿಟ್ಟು ಊರಿಗೆ ಹೊರಟರೆ ಅವರ ಸಂಸಾರ ಉಳಿದವರ ಮನೆಗಳಿಗೆ ಹಂಚಿಹೋಗುತ್ತದೆ. ರಾಯ್ ಬಡಾವಣೆಯಲ್ಲಿರುವ ನಮ್ಮ ಏಸಿ ಬಿಡಿಭಾಗಗಳ ಶೋರೂಮಿನ ಲೆಬನಾನಿ ಮ್ಯಾನೇಜರ್ ಹೊರಟಾಗ ಸೇಲ್ಸಿನವನಿಗೆ ಫ್ರಿಜ್ ಸಿಕ್ಕಿತು, ಡ್ರೈವರನಿಗೆ ಸೋಫಾ ಸಿಕ್ಕಿತು. ಅವನ ಪತ್ರಗಳನ್ನೆಲ್ಲ ವರ್ಷಗಟ್ಟಲೆ ಟೈಪು ಮಾಡಿದ ನನಗೆ "ನೀನು ಓದುವ ಮನುಷ್ಯ" ಎಂದು ಹೊಗಳಿ ಒಂದು ಪುಸ್ತಕ ಕೊಟ್ಟ. ಆಧುನಿಕ ಮೆಕ್ಸಿಕೋದ ಚಿತ್ರಕಾರರ ಮೇಲಿನ ಪುಸ್ತಕ. ತೂಕದಲ್ಲಿ ಫ್ರಿಜ್ಜಿಗೇನೂ ಕಡಿಮೆಯಿರಲಿಲ್ಲ.

ಎಂಥ ಜನ ಅವರು! ಹಸಿ ಸುಣ್ಣದ ಗೋಡೆ ಒಣಗುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು, ಆ ಅವಸರದಲ್ಲೂ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಏಣಿ ಹತ್ತುತ್ತಿದ್ದರಂತೆ. ಒಬ್ಬ ಹುಡುಗನಾಗಿದ್ದಾಗಲೇ ಸಿಡಿಮದ್ದು ಸ್ಫೋಟಿಸಿ ಒಂದು ಕೈ ಕಳೆದುಕೊಂಡವನು, ಉಳಿದ ಕೈಯಿಂದಲೇ ಕಟ್ಟಡಗಳನ್ನು ತುಂಬಿದ. ಇನ್ನೊಬ್ಬ ಕ್ರಾಂತಿಯ ಸೈನ್ಯದಲ್ಲಿ ಕಾದಾಡಿ ಬಂದು ಆಮೇಲೆ ಕುಂಚ ಹಿಡಿದವನು. ಬಸ್ಸಿನ ಅಪಘಾತದಲ್ಲಿ ಬೆನ್ನೆಲುಬು ಮುರಿದುಕೊಂಡ ಒಬ್ಬಳು ಹಾಸಿಗೆಯಲ್ಲಿ ಮಲಗಿಯೇ, ಮೇಲೆ ತೂಗುಹಾಕಿದ ಕನ್ನಡಿ ನೋಡಿ ತನ್ನನ್ನೇ ಬರೆದಳು. ಜಮೀನ್ದಾರರ ಕೈಯಿಂದ ಹೊಲ ಕಿತ್ತುಕೊಂಡ ರೈತರು, ಗಣಿಯಿಂದ ಮೇಲೆ ಬರುವ ಕೂಲಿಗಳು, ಮೇಜಿನ ಸುತ್ತ ಕುಳಿತು ಉಣ್ಣುವ ದೊಡ್ಡ ಹೊಟ್ಟೆಯವರು, ಎಲ್ಲರೂ ಗೋಡೆಯ ಮೇಲೆ. ಓದು ಬಾರದವನಿಗೂ ತನ್ನ ದೇಶದ ಕಥೆ ತಿಳಿಯಲಿ ಎಂದು. ತಮಾಷೆಯೆಂದರೆ ಆ ಗೋಡೆಗಳನ್ನು ಕೊಟ್ಟದ್ದು ಸರ್ಕಾರವೇ. ಸ್ವಲ್ಪ ಕಾಲದ ನಂತರ ಮಂತ್ರಿಗಳು ಅದೇ ಕ್ರಾಂತಿಯ ಚಿತ್ರದ ಕೆಳಗೆ ನಿಂತು, ಹೊಟ್ಟೆ ಮುಂದೆ ಮಾಡಿ ಫೋಟೋ ತೆಗೆಸಿಕೊಂಡರು.

ನನಗೆ ಕ್ರಾಂತಿ ತಲೆಗೇರಿತು. ವೀಸಾ ಕೊಟ್ಟ ಅರಬ್ ಧಣಿ, ಕಫೀಲನ ಕಾರಿನ ಹಾರ್ನ್ ಕೇಳಿದರೆ ಚಹಾದ ಲೋಟ ಕೆಳಗಿಟ್ಟು ಎದ್ದು ನಿಲ್ಲುವ ನಾನು, ಮನೆಗೆ ಬಂದು ಶೋಷಿತರ ಪರವಾಗಿ ಸಾರಿನ ಸೌಟು ಬೀಸತೊಡಗಿದೆ. ಈ ಸುದ್ದಿ ನಮ್ಮ ಕನ್ನಡ ಸಂಘದ ಅಧ್ಯಕ್ಷ ಲ್ಯಾನ್ಸಿಯ ಕಿವಿಗೆ ಬಿತ್ತು. ಅವನಿಗೆ ಆ ತಿಂಗಳ ಸಭೆಗೆ ಯಾವ ಭಾಷಣಕಾರನೂ ಸಿಕ್ಕಿರಲಿಲ್ಲ. "ಸಾಲಿಯಾನ್ರೇ, ನೀವೇ ಮಾತಾಡಿ ಮಾರಾಯ್ರೆ. ಆದ್ರೆ ಗೋಳಿಬಜೆ ತಣಿಯುವ ಮೊದಲು ಖಲಾಸ್ ಮಾಡ್ಬೇಕು" ಅಂದ.

ಗೋಳಿಬಜೆ ತಣಿಯಿತು, ಗಟ್ಟಿಯೂ ಆಯಿತು. ನಾನು ನಿಲ್ಲಿಸಲಿಲ್ಲ. ನಿಜವಾದ ಕಲಾವಿದ ದುಡ್ಡಿದ್ದವನ ಮುಖ ನೋಡಿ ಕುಂಚ ಅದ್ದುವುದಿಲ್ಲ ಎಂದು ಮೇಜು ಗುದ್ದಿದೆ. ಚಪ್ಪಾಳೆಯೂ ಬಂತು. ಪ್ರಶ್ನೋತ್ತರದಲ್ಲಿ ಫಹಾಹೀಲಿನಿಂದ ಬಂದಿದ್ದ ಒಬ್ಬರು ಎದ್ದು, "ಮೆಕ್ಸಿಕೋದಿಂದ ಅಮೆರಿಕಕ್ಕೆ ದಾಟುವುದು ಸುಲಭ ಉಂಟಂತಲ್ಲ, ಅದರ ಬಗ್ಗೆ ನೀವು ಎಂತದೂ ಹೇಳ್ಲಿಲ್ಲ" ಎಂದು ಆಕ್ಷೇಪಿಸಿದರು. ಕೊನೆಯ ಸಾಲಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕುಳಿತಿದ್ದ ನನ್ನ ಮಗಳು ಸ್ವಾತಿ ಏನನ್ನೂ ಕೇಳಿರಲಾರಳು ಎಂದೇ ಎಲ್ಲರಂತೆ ನಾನೂ ನಂಬಿದ್ದೆ.

ಹನ್ನೆರಡನೇ ಕ್ಲಾಸಿನ ಸ್ವಾತಿ ಚೆನ್ನಾಗಿ ಚಿತ್ರ ಬರೆಯುತ್ತಾಳೆ. ರಾಜ್ಯೋತ್ಸವಕ್ಕೆ ವೇದಿಕೆಯ ಹಿಂದಿನ ಪರದೆ ಬರೆದುಕೊಡಲು ಲ್ಯಾನ್ಸಿ ಅವಳನ್ನು ಕೇಳಿದ. ಅವನ ಮನಸ್ಸಿನಲ್ಲಿದ್ದದ್ದು ಜೋಗ, ಯಕ್ಷಗಾನದ ಕಿರೀಟ, ಒಂದೆರಡು ತೆಂಗಿನಮರ. ಬ್ನೇದ್ ಅಲ್ ಗಾರ್‌ನ ನಮ್ಮ ಪುಟ್ಟ ಫ್ಲಾಟಿನ ಹಾಲಿನಲ್ಲಿ ಬಟ್ಟೆ ಹರಡಿತು. ನಾವು ಅಡುಗೆಮನೆಯಲ್ಲಿ ನಿಂತು ಊಟ ಮಾಡಿದೆವು, ಗೋಡೆಗೆ ಬೆನ್ನು ಉಜ್ಜಿಕೊಂಡು ಬಾತ್‌ರೂಮಿಗೆ ಹೋದೆವು. ಶಶಿಕಲಾ ನನ್ನನ್ನು ದಿಟ್ಟಿಸಿ, "ಅಂಟುರೋಗವೇ" ಎಂದಳು.

ಪರದೆ ಮುಗಿದಾಗ ನೋಡಿದರೆ ತೆಂಗಿನಮರದ ಸುಳಿವೇ ಇಲ್ಲ! ಎಡಗಡೆ ಕೆಲಸಗಾರರು: ಮನೆಗೆಲಸದ ಹೆಂಗಸು, ನರ್ಸು, ಡ್ರೈವರ್, ಬಿಸಿಲಿನಲ್ಲಿ ರಸ್ತೆ ಅಗೆಯುವವರು, ಎಲ್ಲರಿಗೂ ಮೆಕ್ಸಿಕೋದವರ ಹಾಗೆ ದಪ್ಪ ದಪ್ಪ ಕೈಗಳು. ಬಲಗಡೆ ಉದ್ದನೆಯ ಮೇಜು, ಅದರ ಸುತ್ತ ಬಿರಿಯಾನಿ ತಿನ್ನುವ ಕೋಟಿನವರು, ಅವರ ಹಿಂದೆ ಒಂದಿಷ್ಟು ಜನ. ಕೆಲಸಗಾರರ ನಡುವೆ ಮುಷ್ಟಿ ಎತ್ತಿ, ಎದೆಯುಬ್ಬಿಸಿ ನಿಂತ ಕನ್ನಡಕದವನೊಬ್ಬನಿದ್ದ. ಮಗಳು ನನ್ನನ್ನು ನೋಡಿಯೇ ಬರೆದಿದ್ದಾಳೆಂದು ನನ್ನ ಕನ್ನಡಕ ತೆಗೆದು ಒರೆಸಿಕೊಂಡೆ. ಸಂಕೋಚದಿಂದ ಕೇಳಲಿಲ್ಲ. ಉಳಿದ ಮುಖಗಳನ್ನು ಅಷ್ಟು ನಿಗಾ ಇಟ್ಟು ನೋಡಲೂ ಇಲ್ಲ.

ನೋಡಿದವರು ಮನೆಗೆ ಬಂದ ಕಮಿಟಿಯವರು. ಮೇಜಿನ ತುದಿಯಲ್ಲಿ ಕೋಳಿಕಾಲು ಹಿಡಿದವನು ಥೇಟ್ ನಮ್ಮ ಪ್ರಾಯೋಜಕರ ಹಾಗೇ ಇದ್ದಾನೆ ಎಂದು ಅವರಿಗೆ ಬೆವರಿಳಿಯಿತು. ನಾವೆಲ್ಲ ಧಣಿಗಳು ಎಂದು ಕರೆಯುವ, ಸಾಲು ಹೋಟೆಲುಗಳ ಮಾಲೀಕರು ಅವರು. ಗಲ್ಫಿನ ಸಂಘಗಳಿಗೆ ದೇವರಿಲ್ಲದಿದ್ದರೂ ನಡೆಯುತ್ತದೆ, ಪ್ರಾಯೋಜಕರಿಲ್ಲದಿದ್ದರೆ ಸಭಾಂಗಣದ ಬಾಗಿಲೇ ತೆರೆಯುವುದಿಲ್ಲ. "ಧಣಿಗಳ ಹೋಟೆಲಿನ ಫ್ಲೆಕ್ಸ್ ಉಂಟಲ್ಲ, ಅದನ್ನು ಮೇಜಿನ ಮೇಲೆ ಇಳಿಬಿಡುವ. ಚಿತ್ರವೂ ಉಳಿಯಿತು, ಮರ್ಯಾದೆಯೂ ಉಳಿಯಿತು" ಎಂದ ಲ್ಯಾನ್ಸಿ. ಸ್ವಾತಿ ಕುಂಚ ತೊಳೆಯುತ್ತಿದ್ದಳು. ಅವಳ ಮುಖ ಸಣ್ಣದಾದದ್ದು ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು. ಬದುಕಿನಲ್ಲಿ ಮೊದಲ ಸಲ ಎದ್ದು ನಿಂತು ಗುಡುಗಿದೆ. ಚಿತ್ರದ ಒಂದಂಗುಲ ಮುಚ್ಚಿದರೂ ನಾನು ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಕೊಡುತ್ತೇನೆ ಎಂದೆ. ಆ ಸ್ಥಾನಕ್ಕೆ ಬೇರೆ ಯಾರೂ ಗಿರಾಕಿಗಳಿರಲಿಲ್ಲವಾದ್ದರಿಂದ ಕಮಿಟಿ ಮಣಿಯಿತು. "ಥ್ಯಾಂಕ್ಯೂ ಪಪ್ಪಾ" ಎಂದು ಮಗಳು ನನ್ನ ತೋಳಿಗೆ ಒರಗಿದಳು. ಎಷ್ಟು ವರ್ಷವಾಗಿತ್ತೋ ಅವಳು ಹಾಗೆ ಒರಗಿ! ಆ ದಿನ ನನ್ನ ಸೊಂಟದಲ್ಲೂ ಒಂದು ಪಿಸ್ತೂಲು ಇದ್ದಂತೆಯೇ ನಡೆದಾಡಿದೆ.

ರಾಜ್ಯೋತ್ಸವದ ಸಂಜೆ ಧಣಿಗಳು ಬೇಗನೇ ಬಂದರು. ಜನ ಇನ್ನೂ ಸೇರಿರಲಿಲ್ಲ. ವೇದಿಕೆ ಹತ್ತಿ ಪರದೆಯೆದುರು ಕೈಕಟ್ಟಿ ನಿಂತರು. ಲ್ಯಾನ್ಸಿ ಕೊರಳಿನ ಶಿಲುಬೆ ಹಿಡಿದುಕೊಂಡ. ಧಣಿಗಳ ಕಣ್ಣು ಕೋಳಿಕಾಲಿನವನ ಮೇಲೆ ಹರಿಯಿತು, ನಿಲ್ಲಲಿಲ್ಲ. ದೊಡ್ಡ ಹೊಟ್ಟೆಯಲ್ಲಿ ಯಾರೂ ತಮ್ಮ ಹೊಟ್ಟೆಯನ್ನು ಗುರುತಿಸುವುದಿಲ್ಲವೆಂದು ನನಗೆ ಆಗ ತಿಳಿಯಿತು. ಕೋಳಿಕಾಲಿನವನ ಕುರ್ಚಿಯ ಹಿಂದೆ ಬಂದು ಧಣಿಗಳ ಬೆರಳು ನಿಂತಿತು.

"ಅರೆ, ಇದು ನಮ್ಮ ಸಾಲಿಯಾನ್ ಅಲ್ವಾ? ಸೇಮ್ ಟು ಸೇಮ್ ಮಾರಾಯ್ರೆ!"

ಕುರ್ಚಿಯ ಹಿಂದೆ ಒಬ್ಬ ಬಾಗಿ ನಿಂತಿದ್ದ. ಒಂದು ಕೈಯಲ್ಲಿ ಹೂವಿನ ಹಾರದ ತಟ್ಟೆ, ಇನ್ನೊಂದರಲ್ಲಿ ಮೈಕು, ಕಂಕುಳಲ್ಲಿ ದಪ್ಪ ಪುಸ್ತಕ, ಬಾಯಿ ಕಿವಿಯ ತನಕ ತೆರೆದಿದೆ. ಕೆಲಸಗಾರರ ಕಡೆಗೂ ಇಲ್ಲ, ಮೇಜಿನಲ್ಲಿ ಅವನಿಗೆ ಊಟದ ಎಲೆಯೂ ಇಲ್ಲ. ಪ್ರತಿವರ್ಷ ಧನ್ಯವಾದ ಸಮರ್ಪಣೆ ಮಾಡುವವನು ನಾನೇ. ಹಾಗೆ ಬಾಗುತ್ತೇನೆಂದು ಮಾತ್ರ ಗೊತ್ತಿರಲಿಲ್ಲ. ಕಮಿಟಿಯವರು ಬಿದ್ದು ಬಿದ್ದು ನಕ್ಕರು. ಶಶಿಕಲಾ ಸೆರಗು ಬಾಯಿಗೆ ಒತ್ತಿಕೊಂಡಳು. "ಹಾಗಾದರೆ ಆ ಮುಷ್ಟಿ ಎತ್ತಿದವನು ಯಾರು?" ಎಂದು ಸ್ವಾತಿಯನ್ನು ಪಿಸುಗುಟ್ಟಿ ಕೇಳಿದೆ. "ದಟ್ಸ್ ಜಸ್ಟ್ ಇಮ್ಯಾಜಿನೇಶನ್, ಪಪ್ಪಾ" ಎಂದಳು.

ನಾನು ಲ್ಯಾನ್ಸಿಯನ್ನು ಪಕ್ಕಕ್ಕೆ ಕರೆದೆ.

"ಆ ಫ್ಲೆಕ್ಸ್ ಎಲ್ಲಿದೆ?"

"ಯಾವುದು? ನೀವು ಬೇಡ ಹೇಳಿದ್ದಾ? ಕಾರಿನ ಡಿಕ್ಕಿಯಲ್ಲಿ ಉಂಟು."

"ತರಿಸಿ. ಎಷ್ಟಾದರೂ ಪ್ರಾಯೋಜಕರು. ಅವರ ಹೆಸರು ವೇದಿಕೆಯಲ್ಲಿ ಕಾಣದಿದ್ದರೆ ಚೆನ್ನಾಗಿರುವುದಿಲ್ಲ."

ಲ್ಯಾನ್ಸಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಯಲ್ಲಾ, ಹೊರಡಿ. ಕಟ್ಟುವುದು ಬೇಕಾದ್ರೆ ನೀವೇ ಕಟ್ಟಿ" ಎಂದು ಕೀಲಿ ಕೊಟ್ಟ. ನಾನೇ ಹೊತ್ತು ತಂದೆ, ನಾನೇ ಏಣಿ ಹತ್ತಿದೆ. ಕೆಳಗೆ ಏಣಿ ಹಿಡಿದು ನಿಂತವಳು ಸ್ವಾತಿ. ಅವಳು ಜಗಳವಾಡಿದ್ದರೆ ಇಳಿದುಬಿಡುತ್ತಿದ್ದೆನೇನೋ. ಆಡಲಿಲ್ಲ. ನಾನು ಕಟ್ಟಿ ಇಳಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ಕಣ್ಣು ಕಿರಿದಾಗಿಸಿ ನೋಡಿದಳು.

"ಫ್ಲೆಕ್ಸ್ ಚಿಕ್ಕದಾಯ್ತು ಪಪ್ಪಾ" ಎಂದಳು. "ಎಲ್ಲಾ ಕವರ್ ಆಯ್ತು. ಓನ್ಲಿ ನಿಮ್ಮ ಬಾಯಿ ಕಾಣ್ತಾ ಉಂಟು."

ಆ ಸಂಜೆಯ ಧನ್ಯವಾದ ಸಮರ್ಪಣೆಯನ್ನೂ ನಾನೇ ಮಾಡಿದೆ.